ಮಾನಮ್ಮತ್ತಿಯ ಹೊಳೆಕೂಗು

ನನ್ನ ಬಾಯಿಂದ ಆದ ಕೇಡುಗಳನ್ನು ನಾನು ಸಾಮಾನ್ಯವಾಗಿ ನಕ್ಕು ಮುಗಿಸಿಬಿಡುತ್ತೇನೆ. ಇದೊಂದನ್ನು ಮುಗಿಸಲಾಗಿಲ್ಲ. ಕೃಷ್ಣಾ ದಂಡೆಯಲ್ಲಿ ಜಾಲಿ ಗಿಡದ ಮರೆಗೆ ನಿಂತು ಮಾನಮ್ಮತ್ತಿಯ ಹಾಗೆಯೇ ದನಿ ತೆಗೆದು ಕೂಗಿದವನು ನಾನೇ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗಿಂತ ಮೊದಲು ನಕ್ಕವನೂ ನಾನೇ.

ಮಾನಮ್ಮತ್ತಿ ಶಹಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಆಕೆಯ ದನಿ ಆ ಮನೆಗೆ ದೊಡ್ಡದಾಗಿತ್ತು, ಓಣಿಗೂ ದೊಡ್ಡದೇ. ನಮ್ಮ ಬಾಗಿಲಿಗೆ ಬಂದು ಒಂದು ಹಿಡಿ ಸಕ್ಕರೆ ಕೇಳಿದರೆ, ನಮ್ಮ ಮನೆಯಲ್ಲಿ ಸಕ್ಕರೆ ಇದೆಯೋ ಇಲ್ಲವೋ ಎಂಬುದು ಓಣಿಗೆಲ್ಲ ತಿಳಿಯುತ್ತಿತ್ತು. ಕಾಲುವೆಯ ಈಚೆ ನಿಂತು ಆಚೆ ಹೊಲದಲ್ಲಿದ್ದ ತನ್ನ ಗಂಡನನ್ನು ಊಟಕ್ಕೆ ಕರೆದರೆ, ಸುತ್ತಲಿನ ಹೊಲಗಳವರೂ ಬುತ್ತಿ ಬಿಚ್ಚುತ್ತಿದ್ದರು.

“ಅತ್ತಿ, ಸ್ವಲ್ಪ ಸಣ್ಣಾಗಿ ಮಾತಾಡ್ರಿ. ಅಷ್ಟು ದೂರದ ಬಳಿಚಕ್ರ ಊರಾಗ ಮಂದಿ ಎದ್ದು ಕುಂತಾರ” ಎಂದು ನಾನು ಕಾಡಿಸುತ್ತಿದ್ದೆ.

“ಏಳ್ಲಿ ಬಿಡೋ. ಹೊತ್ತು ಏರ್ಯಾದ, ಇನ್ನಾ ಮಕ್ಕೊಂಡು ಏನು ಮಾಡ್ತಾರ?” ಎನ್ನುತ್ತಿದ್ದಳು. ಪಿಸುಮಾತಿನವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. “ಸಣ್ಣ ದನೀಲೆ ಮಾತಾಡೋರು ಏನಾರ ಮುಚ್ಚಿಟ್ಟಿರ್ತಾರ ನೋಡು” ಎಂದು ಪಿಸುಮಾತಿನವರ ಎದುರೇ ಹೇಳುವಳು.

ನಾನಾದರೋ ಕಂಡವರ ದನಿಯನ್ನೆಲ್ಲ ತೆಗೆಯುವವ. ಮಾಸ್ತರರ ಕೆಮ್ಮು, ಕಂಡಕ್ಟರನ ಮೂಗುದನಿ, ನಮ್ಮಪ್ಪನ ಆಕಳಿಕೆ ಎಲ್ಲ ಬರುತ್ತಿದ್ದವು. ಯಾರೂ ಸಿಗದ ದಿನ ಹುಡುಗಿಯರ ಮುಂದೆ ತೊದಲುವ ನನ್ನನ್ನೇ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಕಾಲುವೆಯ ಮೇಲೆ ನಿಂತು ಮಾನಮ್ಮತ್ತಿಯ ದನಿಯಲ್ಲಿ ಊಟಕ್ಕೆ ಕೂಗಿದೆ. ಆಕೆಯ ಗಂಡ ಎತ್ತು ಕಟ್ಟಿ, ಕೈಕಾಲು ತೊಳೆದು, ಮನೆಗೆ ಬಂದು ಗಂಗಾಳದ ಮುಂದೆ ಕುಳಿತ. ಒಲೆಯ ಮೇಲೆ ಇನ್ನೂ ಎಸರು ಕುದಿಯುತ್ತಿತ್ತು. ಬೈಸಿಕೊಳ್ಳಲು ಸಿದ್ಧನಾಗಿ ಹೋದವನಿಗೆ ಮಾನಮ್ಮತ್ತಿ ಹೇಳಿದ್ದು ಬೇರೆ: “ಚಲೋ ತಗೀತಿ. ಖರೇ ಕಡೀಗಿ ಎಳಿಯೂದು ಬರವಲ್ದು ನಿನಗ. ಗಾಳಿ ನುಂಗಿಬಿಡ್ತದ. ಹಿಂಗ, ಎರಡ ಸಲ ಮುರದು ಎಳಿಬೇಕು.” ಹಿತ್ತಲಲ್ಲಿ ನಿಲ್ಲಿಸಿಕೊಂಡು ಕಲಿಸಿದಳು. ಅದು ಹೊಳೆ ದಾಟಿಸೆಂದು ಆಚೆ ದಂಡೆಯವರನ್ನು ಕರೆಯುವ ಕೂಗು. ಆಕೆಯ ತವರಿನವರು ಹರಿಗೋಲು ಹಾಕುವವರು. ಆ ಕೂಗು ಆಕೆಯ ತಾಯಿಯದಂತೆ.

ತವರು ಸುರಪುರದ ಕಡೆಯಿಂದ ಹೋದರೆ ಕೃಷ್ಣೆಯ ಆಚೆ ದಂಡೆ. ಮದುವೆಯಾದಾಗಿನಿಂದ ಪಂಚಮಿ ಬಂತೆಂದರೆ ಆಕೆ ಈಚೆ ದಂಡೆಯ ಬಂಡೆಯ ಮೇಲೆ ನಿಂತು ಕೂಗುವುದು, ಅಣ್ಣ ಯಂಕಪ್ಪ ಹರಿಗೋಲು ತಂದು ಕರೆದುಕೊಂಡು ಹೋಗುವುದು. ಆಮೇಲೆ ಕಾಲುವೆ ಬಂತು, ಕಾಲುವೆಯ ಹಿಂದೆ ರಸ್ತೆ ಬಂತು, ಹೊಳೆಗೆ ಬ್ರಿಜ್ ಬಂತು. ಬ್ರಿಜ್ ಆದ ವರ್ಷ ಯಂಕಪ್ಪ ಹೇಳಿ ಕಳಿಸಿದ: “ಈಗ ಬಸ್ ಅದ, ಹತ್ತಿ ಬಾ ಅನ್ರಿ.”

ಆಕೆ ಬಸ್ ಹತ್ತಲಿಲ್ಲ. ಬಂಡೆಗೇ ಹೋಗಿ ಕೂಗಿದಳು. ಅಣ್ಣ ಬರಲಿಲ್ಲ. ಹಬ್ಬದ ಉಂಡಿಯ ಡಬ್ಬಿ ಹೊತ್ತು ಹಿಂದಿರುಗಿ ಬಂದಳು. “ಬಸ್ಸಿನಾಗ ಹೋಗಾಕ ನಾ ಏನು ಕೆಂಭಾವಿ ಸಂತಿಗಿ ಹೊಂಟೀನೇನು? ತವರಿಗಿ ಹೋಗೂದಂದ್ರ ಕರಿಯೋರು ಬರಬೇಕು. ಇನ್ನ ಅಂವ ತಾನಾಗಿ ಬರೂತನ ನಾ ಕೂಗೂದಿಲ್ಲ” ಎಂದಳು. ಅಲ್ಲಿಂದ ಮುಂದೆ ಎಷ್ಟೋ ಪಂಚಮಿಗಳು ಹಾಗೆಯೇ ಹೋದವು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಗಿದೆ.

ನನ್ನ ಗೆಳೆಯ ಖಾದರ್ ಹಳೆಯ ಜೀಪೊಂದನ್ನು ತಂದಿದ್ದ. ಹೊಳೆ, ಬ್ರಿಜ್, ಡ್ಯಾಮ್ ಎಲ್ಲ ನೋಡಿ ಬರೋಣ ಎಂದು ನಾವು ನಾಲ್ಕಾರು ಮಂದಿ ಹೊರಟಾಗ ಮಾನಮ್ಮತ್ತಿ ತಾನೂ ಬರುತ್ತೇನೆಂದು ಮುಂದಿನ ಸೀಟು ಹಿಡಿದಳು. ಪಂಚಮಿ ಹತ್ತಿರವಿತ್ತು. ತೊಡೆಯ ಮೇಲೆ ಒಂದು ಡಬ್ಬಿ. “ಏನದು?” ಅಂದರೆ “ನಿನ್ನ ತಲಿ” ಅಂದಳು. ದೋರನಹಳ್ಳಿಯಲ್ಲಿ ಚಹಾ ಕುಡಿದು, ಯಾದಗಿರಿಯ ಭೀಮಾ ಬ್ರಿಜ್ ದಾಟಿ, ಕಟ್ಟೆಗೆ ಒರಗಿ ನೀರು ನೋಡಿ ತಿರುಗಿದೆವು. ಭೀಮೆಯ ಮೇಲೆ ಆಕೆ ನಿಶ್ಚಿಂತೆಯಿಂದ ಕುಳಿತಿದ್ದಳು. ಸುರಪುರ ದಾಟಿ ಕೃಷ್ಣೆಯ ಬ್ರಿಜ್ ಕಾಣುತ್ತಲೂ “ಇಲ್ಲೇ ನಿಂದ್ರಸು. ಈ ಬ್ರಿಜ್ ನಾ ಹತ್ತಂಗಿಲ್ಲ” ಎಂದಳು.

ಇಳಿದು ಬಂಡೆಯ ಮೇಲೆ ಹೋಗಿ ಕುಳಿತಳು. ಡ್ಯಾಮಿನ ಬಾಗಿಲು ಇನ್ನೂ ತೆಗೆದಿರಲಿಲ್ಲ, ಹೊಳೆ ಸಣ್ಣಗಿತ್ತು. ಆಚೆ ದಂಡೆಯಲ್ಲಿ ಬೋರಲು ಹಾಕಿದ ಒಂದು ಹರಿಗೋಲು, ಅದರ ನೆರಳಲ್ಲಿ ಬಲೆ ಹೆಣೆಯುವ ಒಬ್ಬ ಮುದುಕ. ಆಕೆ ಅವನನ್ನೇ ನೋಡುತ್ತಿದ್ದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಅಣ್ಣ-ತಂಗಿಯರನ್ನು ಕೂಡಿಸುವ ಯೋಚನೆ ನನಗಿತ್ತು ಎಂದು ಬರೆದರೆ ನಾನು ಒಳ್ಳೆಯವನಾಗಿ ಕಂಡೇನು. ಇರಲಿಲ್ಲ. ಗೆಳೆಯರು ನಗಲಿ ಎಂದಷ್ಟೇ ಜಾಲಿಯ ಮರೆಗೆ ಹೋದೆ, ಎದೆ ತುಂಬ ಉಸಿರೆಳೆದೆ. “ಯಂಕಪ್ಪಣ್ಣಾ… ಓ… ಓ…” ಕಡೆಗೆ ಎರಡು ಸಲ ಮುರಿದು ಎಳೆದೆ, ಕಲಿಸಿದ ಹಾಗೆಯೇ.

ಮುದುಕ ಎದ್ದು ನಿಂತ. ಹರಿಗೋಲು ಮಗುಚಿ ನೀರಿಗೆ ತಳ್ಳಿದ. ಬಲೆ ಅಲ್ಲೇ ಬಿತ್ತು. ಮಾನಮ್ಮತ್ತಿ ಒಮ್ಮೆ ನಾನಿದ್ದ ಗಿಡದ ಕಡೆ ತಿರುಗಿ ನೋಡಿದಳು, ಮತ್ತೆ ಹೊಳೆಯ ಕಡೆ. ಸೆರಗು ಸರಿ ಮಾಡಿಕೊಂಡಳು. ನಮ್ಮ ನಗು ಒಬ್ಬೊಬ್ಬರದಾಗಿ ನಿಂತಿತು.

ಹುಟ್ಟು ಹಾಕುತ್ತ ಅವನು ನೇರ ಬಂಡೆಯ ಕಡೆಗೇ ಬಂದ. ದಂಡೆಗೆ ಮುಟ್ಟುವಷ್ಟರಲ್ಲಿ ಏದುಸಿರು. “ಆ ವರ್ಷ ನೀ ಕೂಗಿದ್ದು ಕೇಳಿತ್ತವ್ವ ನನಗ” ಎಂದ ಯಂಕಪ್ಪ. “ಸೊಕ್ಕಿಲೆ ಕುಂತೆ. ಇನ್ನೊಮ್ಮಿ ಕೂಗಿದ್ರ ಹೋಗೂಣು ಅಂತ ಕುಂತೆ. ಈಗ ಕೂಗಿದಿ ನೋಡು.”

ಮಾನಮ್ಮತ್ತಿ ಡಬ್ಬಿ ಹಿಡಿದು ಎದ್ದಿದ್ದಳು. ಆಕೆ ಬಾಯಿ ತೆರೆಯುವ ಮೊದಲೇ, ಏನೂ ಅರಿಯದ ಖಾದರ್ ನನ್ನ ಬೆನ್ನಿಗೆ ಗುದ್ದಿ ಅಂದುಬಿಟ್ಟ: “ಮತ್ತೊಮ್ಮಿ ತಗಿ ದೋಸ್ತ್, ಖರೇನ ಬಂದ್ನಲ್ಲ ಮುದುಕ.”

ಯಂಕಪ್ಪ ನನ್ನನ್ನು ನೋಡಿದ. ಆಮೇಲೆ ತಂಗಿಯನ್ನು. “ನೀ ಅಲ್ಲೇನು ಕೂಗಿದ್ದು?”

ಹೌದೆಂದಿದ್ದರೆ ಮುಗಿಯುತ್ತಿತ್ತು. ಆದರೆ ಆಕೆ ಮುಚ್ಚಿಡುವವರ ಪೈಕಿ ಅಲ್ಲ. “ಅಲ್ಲ” ಎಂದಳು. ಆಕೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವನು ಬೈಯಲಿಲ್ಲ. ಹುಟ್ಟು ಎತ್ತಿಕೊಂಡು ಹರಿಗೋಲನ್ನು ತಿರುಗಿಸಿದ.

ಹೋದ ಬೇಸಿಗೆಯಲ್ಲಿ ಮಾನಮ್ಮತ್ತಿ ತೀರಿಕೊಂಡಳು. ಯಂಕಪ್ಪ ಮಣ್ಣಿಗೆ ಬಸ್ಸಿನಲ್ಲಿ ಬಂದಿದ್ದ; ನಾನು ಅವನಿಗೆ ನೀರು ಕೊಟ್ಟೆ, ಗುರುತು ಹಿಡಿಯಲಿಲ್ಲ. ಮಾಸ್ತರರ ಕೆಮ್ಮನ್ನು ಈಗಲೂ ತೆಗೆಯುತ್ತೇನೆ, ಸುಳ್ಳೇಕೆ. ಆ ಕೂಗನ್ನು ಮಾತ್ರ ಮತ್ತೆ ತೆಗೆದಿಲ್ಲ.

ಅಂದು ಹರಿಗೋಲು ನಡುಹೊಳೆಯನ್ನು ಇನ್ನೂ ಮುಟ್ಟಿರಲಿಲ್ಲ. ನಾನು ಬಂಡೆಯ ಹತ್ತಿರ ಓಡಿದೆ. “ಅತ್ತಿ, ತಪ್ಪಾತ್ರಿ. ಕೈ ಮುಗಿತೀನಿ, ಒಮ್ಮಿ ನೀವ ಕೂಗ್ರಿ. ಇನ್ನಾ ಸನೀ ಅದಾನ, ತಿರಗತಾನ.”

ಮಾನಮ್ಮತ್ತಿ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ನನ್ನನ್ನು ನೋಡಿದಳು.

“ಈಗ ನಾ ಕೂಗಿದ್ರೂ ಅಂವಗ ನೀನ ಕೂಗಿದಂಗ ಕೇಳ್ತದೋ. ನಡಿ, ಗಾಡಿ ಹತ್ತು.”