ತುಕ್ಕಮ್ಮ ಹಾಕಿದ ರೋಗ

ತುಕ್ಕಮ್ಮನಿಗೆ ಆ ಹೆಸರು ಇಟ್ಟವಳು ಅವಳ ನಾದಿನಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಗೋಧಿ ಸಂಶೋಧನಾ ಕೇಂದ್ರದ ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಮೇಡಂವರೆಗೆ ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ಅವಳ ಕೆಲಸವೇ ಹಾಗಿತ್ತು. ಊರೆಲ್ಲ ಬೆಳೆಗೆ ರೋಗ ಬಾರದಿರಲಿ ಎಂದು ಒದ್ದಾಡುವಾಗ ಇವಳು ಗಾಜಿನ ಮನೆಯಲ್ಲಿ ಕೂತು ರೋಗವನ್ನೇ ಸಾಕುತ್ತಿದ್ದಳು. ಗೋಧಿಯ ಎಲೆಯ ಮೇಲೆ ಕಿತ್ತಳೆ ಬಣ್ಣದ ಗುಳ್ಳೆ ಎಬ್ಬಿಸುವ ತುಕ್ಕು ರೋಗ. ಗುಳ್ಳೆ ಒಡೆದಾಗ ಉದುರುವ ಪುಡಿಯನ್ನು ಸಣ್ಣ ಸೀಸೆಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಡುವುದು, ಬೇಕಾದಾಗ ಹದವಾದ ಬಿಸಿನೀರಿನಲ್ಲಿ ಸೀಸೆ ಮುಳುಗಿಸಿ ಅದನ್ನು ಎಚ್ಚರಿಸುವುದು, ಹೊಸ ತಳಿಗಳ ಮೇಲೆ ಸಿಂಪಡಿಸಿ ಯಾವುದು ತಡೆದುಕೊಳ್ಳುತ್ತದೆ ಎಂದು ನೋಡುವುದು. ತಡೆದುಕೊಂಡದ್ದು ಮುಂದೆ ಹೊಲಕ್ಕೆ ಹೋಗುತ್ತಿತ್ತು, ಉಳಿದದ್ದು ತಿಪ್ಪೆಗೆ.

ನಾದಿನಿಯ ಕೆಲಸವೂ ಅದೇ ಕೇಂದ್ರದಲ್ಲಿ, ಅಂಗಳದ ಆಚೆ ಬದಿ. ಅವಳು ತಳಿ ಕಟ್ಟುವವಳು. ಎಳೆ ತೆನೆಯ ಒಂದೊಂದೇ ಹೂವನ್ನು ಚಿಮಟದಿಂದ ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ತಳಿಯ ಪರಾಗ ಉದುರಿಸಿ, ಮೇಲೊಂದು ಕಾಗದದ ಟೋಪಿ ಹಾಕುವಳು. ಅಂದರೆ ಅವಳು ಕಟ್ಟಿದ್ದನ್ನು ಇವಳು ಕೊಲ್ಲಲು ನೋಡಬೇಕು. ಇಬ್ಬರಿಗೂ ಸಂಬಳ ಬರುತ್ತಿದ್ದದ್ದು ಅದಕ್ಕೇ. ಮನೆಯಲ್ಲಿ ಬೇರೆ ಜಗಳ ಹುಡುಕುವ ಅಗತ್ಯವೇ ಇರಲಿಲ್ಲ. ಆದರೂ ಹುಡುಕುತ್ತಿದ್ದರು.

ಮನೆ ಎಂದರೆ ಮೂರು ಕೋಣೆ, ಒಂದೇ ಅಡುಗೆಮನೆ. ಗಂಡನ ಮನೆಯಲ್ಲಿ ಬಾಳಲಾರದೆ ವಾಪಸು ಬಂದ ನಾದಿನಿ ಒಂದು ಕೋಣೆ ಹಿಡಿದಿದ್ದಳು. ತುಕ್ಕಮ್ಮನಿಗೆ ಕೆಲಸ ಕೊಡಿಸಿದವಳೂ ಅವಳೇ, ಅದನ್ನು ಎತ್ತಿ ಆಡದ ದಿನವಿಲ್ಲ. ಹಾಗೆಂದು ಮರ್ಯಾದೆಯಲ್ಲಿ ಕಡಿಮೆ ಮಾಡಿದವಳಲ್ಲ. ‘ಅತ್ತಿಗೆ, ನೀವು’ ಎಂದೇ ಶುರು ಮಾಡಿ, ಆ ‘ನೀವು’ ಒಂದರಲ್ಲೇ ಮೈಯೆಲ್ಲ ಉರಿಯುವಂತೆ ಮಾಡುವ ಕಲೆ ಅವಳಿಗೆ ಗೊತ್ತಿತ್ತು. ತುಕ್ಕಮ್ಮನ ಗಂಡ ಗಡಿಯಾರ ರಿಪೇರಿಯವನು. ಹೆಂಡತಿ, ತಂಗಿ ಇಬ್ಬರೂ ಬಾಯಿ ತೆರೆದ ಕೂಡಲೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆಯೊಳಗೆ ಇಳಿದುಬಿಡುತ್ತಿದ್ದ, ಮಹಾ ಪುಕ್ಕಲ.

ನಾದಿನಿ ವರ್ಷಗಟ್ಟಲೆ ಒಂದು ತಳಿಯ ಹಿಂದೆ ಬಿದ್ದಿದ್ದಳು. ಗೋಧಿಯ ದೂರದ ನೆಂಟನಾದ ಒಂದು ಕಾಡು ಹುಲ್ಲಿಗೆ ತುಕ್ಕು ಹಿಡಿಯುವುದಿಲ್ಲ. ಆ ಗುಣವನ್ನು ಗೋಧಿಯೊಳಗೆ ತಂದು ಕೂರಿಸಲು ಅವಳು ತಲೆಮಾರಿನ ಮೇಲೆ ತಲೆಮಾರು ಬೆಳೆಸಿದಳು. ಬೆನ್ನು ಹೋಯಿತು, ಕಣ್ಣು ಮಂಜಾಯಿತು. ಯಾವುದಕ್ಕೂ ಬಾರದವಳು ಎಂದು ಗಂಡನ ಮನೆಯವರು ಹಣೆಪಟ್ಟಿ ಕಟ್ಟಿದ್ದರು, ಅದಕ್ಕೆ ಅವಳ ಉತ್ತರ ಈ ತಳಿ. ಇದು ತುಕ್ಕಮ್ಮನ ಪುಡಿಯನ್ನು ತಡೆದುಕೊಳ್ಳಬೇಕು, ಅಷ್ಟೇ.

ಪುಡಿ ಹಾಕುವ ಬೆಳಿಗ್ಗೆ ನಾದಿನಿ ಸಸಿಗಳ ತಟ್ಟೆ ಹೊತ್ತು ಗಾಜಿನ ಮನೆಗೆ ಬಂದಳು. ತುಕ್ಕಮ್ಮ ಫ್ರೀಜರಿನಲ್ಲಿದ್ದ ಬಗೆಬಗೆಯ ತುಕ್ಕಿನ ಪೀಡೆಗಳಲ್ಲೇ ದೊಡ್ಡ ಪೀಡೆಯನ್ನು ಆರಿಸಿ ಸೀಸೆಯನ್ನು ಒಲೆಯ ಮೇಲಿನ ಬಿಸಿನೀರಿಗೆ ಇಳಿಸಿದ್ದಳಷ್ಟೆ.

“ಅತ್ತಿಗೆ, ಪುಡಿ ಮಾತ್ರ ಹಾಕಿ. ನಿಮ್ಮ ಹೊಟ್ಟೆಕಿಚ್ಚು ಸೇರಿಸ್ಬೇಡಿ.”

“ಗಂಡನ ಮನೇಲಿ ನಾಲ್ಕು ದಿನ ತಾಳಕ್ಕಾಗ್ದೆ ಓಡಿ ಬಂದವಳು ನೀನು. ನಿನ್ನ ಗೋಧಿ ಎಷ್ಟು ತಾಳತ್ತೆ ನೋಡ್ತೀನಿ.”

ಆಡಬಾರದ ಮಾತು. ಆದರೆ ಆಡಿ ಆಗಿತ್ತು. ನಾದಿನಿ ಸುಮ್ಮನಿರುವವಳೇ? ಅತ್ತಿಗೆಯ ತವರಿನ ಏಳು ತಲೆಮಾರನ್ನೂ ತೊಳೆದು ಒಣಗಹಾಕಿದಳು. ಇಬ್ಬರೂ ಗಂಟಲು ಹರಿಯುವಂತೆ ಕೂಗಾಡುತ್ತಿದ್ದಾಗ ಒಲೆಯ ಮೇಲಿನ ನೀರು ಹದ ಮೀರಿ ಕಾಯುತ್ತಿತ್ತು, ಸೀಸೆ ಅದರೊಳಗೇ ಇತ್ತು. ನಾದಿನಿ ಹೋದ ಮೇಲೆ ತುಕ್ಕಮ್ಮ ಸಿಟ್ಟಿನಲ್ಲಿ ಎಂದಿಗಿಂತ ದಪ್ಪಗೆ ಸಿಂಪಡಿಸಿದಳು. ಸಾಯಲಿ, ಒಂದು ಎಲೆಯೂ ಉಳಿಯದಿರಲಿ ಎಂದು ಬಾಯಿ ಬಿಟ್ಟೇ ಹೇಳಿದಳು.

ಗುಳ್ಳೆ ಏಳಬೇಕಾದ ದಿನ ಹತ್ತಿರ ಬಂದಾಗ ನಾದಿನಿಯ ತಟ್ಟೆ ಹಚ್ಚಗೆ ನಗುತ್ತಿತ್ತು. ತುಕ್ಕಮ್ಮ ಮೊದಲು ತಟ್ಟೆಯನ್ನು ತಿರುತಿರುಗಿಸಿ ಗುಳ್ಳೆ ಹುಡುಕಿದಳು. ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತಡೆದುಕೊಂಡ ಗಿಡದ ಮೇಲೂ ತುಕ್ಕು ಬಡಿದ ಜಾಗದಲ್ಲಿ ಒಂದು ಚುಕ್ಕೆಯಾದರೂ ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಪಕ್ಕದಲ್ಲಿ ಇಡುವ ಸಾಕ್ಷಿ ತಟ್ಟೆಯತ್ತ ತಿರುಗಿದಳು. ಅದು ಹಳೆಯ ತಳಿ, ತುಕ್ಕು ಸೋಕಿದರೆ ಸಾಕು ಮಲಗಿಬಿಡುತ್ತದೆ, ಪುಡಿಗೆ ಜೀವವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದೂ ಹಚ್ಚಗಿತ್ತು. ಅವಳು ಪುಡಿಯನ್ನು ಬೇಯಿಸಿ ಕೊಂದಿದ್ದಳು.

ಹಿಂದಿನ ಕೋಣೆಯಲ್ಲಿ, ಪುಡಿ ಬೆಳೆಸಲೆಂದೇ ಇಟ್ಟ ಅದೇ ಹಳೆಯ ತಳಿಯ ತಟ್ಟೆಗಳು ತುಂಬಾ ಇದ್ದವು, ಎಲ್ಲವೂ ಕಿತ್ತಳೆ ಕಿತ್ತಳೆ. ಒಂದನ್ನು ತಂದು ಸಾಕ್ಷಿಯ ಜಾಗದಲ್ಲಿ ಇಟ್ಟರೆ ಮುಗಿಯಿತು. ಅವಳ ತಪ್ಪು ಮುಚ್ಚಿಹೋಗುತ್ತದೆ, ನಾದಿನಿ ಗೆಲ್ಲುತ್ತಾಳೆ. ಪರೀಕ್ಷೆಯೇ ಆಗದೆ ಗೆದ್ದ ತಳಿ ಊರೂರಿನ ಹೊಲಕ್ಕೆ ಹೋಗುತ್ತದೆ. ಒಂದೆರಡು ಬೆಳೆ ಕಳೆದ ಮೇಲೆ ನಿಜವಾದ ತುಕ್ಕು ಬಂದು ಎಲ್ಲರ ಗೋಧಿಯನ್ನೂ ತಿನ್ನುವಾಗ ನಾದಿನಿ ಎಲ್ಲಿ ಮುಖ ಇಟ್ಟುಕೊಳ್ಳುತ್ತಾಳೆ? ಇಷ್ಟು ಸೊಗಸಾದ ಸೇಡು ಯಾರಿಗೆ ಸಿಗುತ್ತದೆ? ತುಕ್ಕಮ್ಮ ಹೋಗಿ ತಟ್ಟೆ ಎತ್ತಿಕೊಂಡಳು.

ಅಷ್ಟರಲ್ಲಿ, ಗಾಜಿನಾಚೆಯಿಂದಲೇ ತನ್ನ ಹಸಿರು ತಟ್ಟೆ ಕಂಡಿದ್ದ ನಾದಿನಿಯ ದನಿ ಹೊರಗಿನಿಂದ ಕೇಳಿತು. ಯಾರಿಗೋ ಹೇಳುತ್ತಿದ್ದಳು: “ಅತ್ತಿಗೆ ಪುಡಿ ಪುಡಿ ಅಂತ ಇಷ್ಟು ವರ್ಷ ಮೆರೆದ್ರಲ್ಲ, ಏನೂ ಕಿಸಿಯಕ್ಕಾಗ್ಲಿಲ್ಲ. ನಾನು ಹೇಳಿರ್ಲಿಲ್ವಾ?”

ತುಕ್ಕಮ್ಮನಿಗೆ ರೈತರ ನೆನಪಾಗಿ ಮನಸ್ಸು ಕರಗಿತು ಎಂದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ತನ್ನ ತುಕ್ಕನ್ನು ಕೈಲಾಗದ್ದು ಎಂದದ್ದು ಅವಳಿಗೆ ತಡೆಯಲಾಗಲಿಲ್ಲ. ಎತ್ತಿದ ತಟ್ಟೆಯನ್ನು ಅಲ್ಲೇ ಇಟ್ಟು, ಸೀದಾ ಮೇಡಂ ಕೋಣೆಗೆ ಹೋದಳು.

“ಮೇಡಂ, ಪುಡಿ ಸತ್ತಿತ್ತು, ನಾನೇ ಸಾಯಿಸಿದ್ದು. ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಮತ್ತೆ ಹಾಕ್ತೀನಿ.”

ಮತ್ತೆ ಹಾಕಿದಳು. ಈ ಸಲ ನೀರಿನ ಮುಂದಿನಿಂದ ಅಲುಗಾಡಲಿಲ್ಲ. ಸಾಕ್ಷಿಯ ಜೊತೆಗೆ ನಾದಿನಿಯ ತಟ್ಟೆಯೂ ಕಿತ್ತಳೆಯಾಯಿತು. ಕಾಡು ಹುಲ್ಲಿನ ಆ ಒಂದು ಗುಣ ಬಾಗಿಲಿಗೆ ಹಾಕಿದ ಒಂದೇ ಬೀಗ, ಈ ತುಕ್ಕಿನ ಬಳಿ ಅದರ ಕೀಲಿಕೈ ಇತ್ತು. ಸುಳ್ಳೇಕೆ, ತುಕ್ಕಮ್ಮನಿಗೆ ಖುಷಿಯೇ ಆಯಿತು. ನಾದಿನಿ ತಟ್ಟೆಯ ಮುಂದೆ ನಿಂತು ಕೇಂದ್ರಕ್ಕೆಲ್ಲ ಕೇಳುವಂತೆ ಹೇಳಿದಳು: “ಕೊಂದ್ರಿ. ಗೆದ್ದದ್ದನ್ನ ಗೆಲ್ಲಕ್ಕೆ ಬಿಡ್ಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.” ಮನೆಯಲ್ಲಿ ಒಲೆ ಎರಡಾಯಿತು. ಗಂಡ ಮೊದಲ ಬಾರಿಗೆ ಭೂತಗನ್ನಡಿ ತೆಗೆದು, “ನೀನು ಸುಮ್ನಿರಬಹುದಿತ್ತಲ್ಲೇ,” ಎಂದ. ಅಂದು ಅವನಿಗೆ ಊಟವಿಲ್ಲ.

ವರ್ಷಗಳು ಹಾಗೇ ಉರಿದವು. ನಾದಿನಿ ಬಿದ್ದ ತಳಿಯನ್ನು ಬಿಡಲಿಲ್ಲ. ಅದರ ಒಂದು ಬೀಗದ ಜೊತೆ ಬೇರೆ ಬೇರೆ ತಳಿಗಳಿಂದ ಇನ್ನೂ ಎರಡನ್ನು ತಂದು ಒಂದೇ ಗಿಡದಲ್ಲಿ ಸೇರಿಸಿದಳು. ಮತ್ತೆ ಪರೀಕ್ಷೆಯ ಹೊತ್ತು ಬಂದಾಗ ಮೇಡಂ ಇಬ್ಬರನ್ನೂ ಕೋಣೆಗೆ ಕರೆದರು. ಈ ಸಲ ರೋಗ ಹಾಕಲು ಪಕ್ಕದ ವಿಭಾಗದ ಸಹಾಯಕನನ್ನು ಕರೆಸುತ್ತೇನೆ, ಸೌಮ್ಯ ಸ್ವಭಾವದವನು, ಯಾರಿಗೂ ಮನಸ್ತಾಪ ಬೇಡ ಎಂದರು.

“ಬೇಡ ಮೇಡಂ,” ಎಂದಳು ನಾದಿನಿ. “ಅವ್ನು ಒಳ್ಳೆಯವ್ನು. ನನ್ನ ನೋಡಿದ್ರೆ ಅವ್ನಿಗೆ ಪಾಪ ಅನ್ಸತ್ತೆ. ಪಾಪ ಅನ್ನೋರು ಹಾಕಿದ ರೋಗ ನಂಗೆ ಬೇಡ. ಅತ್ತಿಗೇನೇ ಹಾಕ್ಲಿ.” ಆಮೇಲೆ ತುಕ್ಕಮ್ಮನ ಕಡೆ ತಿರುಗಿ, ಅದೇ ಮೈ ಉರಿಸುವ ಮರ್ಯಾದೆಯಲ್ಲಿ: “ನಿಮ್ಮಷ್ಟು ನನ್ನ ಕೆಟ್ಟದ್ದು ಬಯಸೋರು ಇನ್ಯಾರಿದಾರೆ?”

ತುಕ್ಕಮ್ಮ ಸೀದಾ ಗಾಜಿನ ಮನೆಗೆ ನಡೆದಳು. ಫ್ರೀಜರಿನಲ್ಲಿದ್ದ ಒಂದು ಪೀಡೆಯನ್ನೂ ಬಿಡದೆ ಒಂದೊಂದು ತಟ್ಟೆಗೆ ಒಂದೊಂದು ಎಂದು ಹಾಕಿದಳು. ಕರುಣೆ ದಾಕ್ಷಿಣ್ಯ ಯಾವುದೂ ಇರಲಿಲ್ಲ. ಸಾಕ್ಷಿಗಳೆಲ್ಲ ಕಿತ್ತಳೆಯಾಗಿ ಬಿದ್ದ ದಿನ ನಾದಿನಿಯ ತಟ್ಟೆಗಳ ಮುಂದೆ ಮಂಡಿಯೂರಿ ಲೆನ್ಸು ಹಿಡಿದು ಎಲೆ ಎಲೆ ತಡಕಿದಳು. ಸೂಜಿಮೊನೆಯಷ್ಟು ಒಣ ಚುಕ್ಕೆಗಳಿದ್ದವು. ತುಕ್ಕು ಕಾಲಿಟ್ಟ ಜಾಗವನ್ನು ಗಿಡ ತಾನೇ ಸುಟ್ಟುಕೊಂಡು ಮುಂದೆ ಬಿಟ್ಟಿರಲಿಲ್ಲ. ಗುಳ್ಳೆ ಒಂದೂ ಇರಲಿಲ್ಲ. ನಾದಿನಿ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರುವ ಧೈರ್ಯವಿರಲಿಲ್ಲ.

“ಸಿಗ್ತಿಲ್ಲ ಕಣೇ, ಹಾಳಾದ್ದು.”

“ಸರಿಯಾಗಿ ಹುಡುಕಿ.”

“ಹುಡುಕಿದೆ. ಇಲ್ಲ.”

ನಾದಿನಿ ಹೊಸ್ತಿಲ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ದೊಡ್ಡ ದನಿ ತೆಗೆದು ಅತ್ತಳು. ತುಕ್ಕಮ್ಮ ಹತ್ತಿರ ಹೋಗಲಿಲ್ಲ, ಕಣ್ಣೊರೆಸಿಕೋ ಎನ್ನಲೂ ಇಲ್ಲ. ಎದ್ದು ಲೆನ್ಸನ್ನು ಸೆರಗಿನಲ್ಲಿ ಒರೆಸುತ್ತ ಹೇಳಿದಳು:

“ಜಾಸ್ತಿ ಹಾರಾಡ್ಬೇಡ. ಇದನ್ನ ಬೀಳಿಸೋ ತುಕ್ಕು ಎಲ್ಲೋ ಇದ್ದೇ ಇರತ್ತೆ. ನಾಳೆಯಿಂದ್ಲೇ ಹುಡುಕ್ತೀನಿ.”

ನಾದಿನಿ ಮೂಗು ಒರೆಸಿಕೊಂಡು ತಲೆ ಎತ್ತಿದಳು.

“ಹುಡುಕಿ. ಹುಡುಕೋದು ಬಿಟ್ರೆ ಮಾತ್ರ ನಿಮ್ಮನ್ನ ಸುಮ್ನೆ ಬಿಡಲ್ಲ.”