ಕ್ಯಾಮೆರಾದ ಮೇಲಿನ ಟಿಕಳಿ

ನನ್ನ ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಅವ್ವನ ಹಣೆಯ ಟಿಕಳಿ ಇದೆ, ಇದು ಎರಡನೆಯದು. ತೆಗೆದ ಟಿಕಳಿಗಳನ್ನು ಅಂಟಿಸಿ ಅಂಟಿಸಿ ಕನ್ನಡಿಯ ಅಂಚು ತುಂಬಿ ಜಾಗ ಸಾಲದಾದಾಗ, "ಅದರಾಗಿಂದ ಯಾರರ ನೋಡ್ತಾರಂತ" ಎಂದು ಮೊದಲನೆಯದನ್ನು ಅವಳೇ ಅಂಟಿಸಿದ್ದಳು. ಅದನ್ನು ನಾನು ಕಿತ್ತದ್ದು ಅಪ್ಪನ ಗಂಟಲಿನ ಆಪರೇಷನ್ನಿಗೆ ಒಂದು ವಾರವಿರುವಾಗ. ಆಮೇಲೆ ದನಿ ಇರುವುದಿಲ್ಲ ಎಂದಿದ್ದರು ವೈದ್ಯರು. ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಹಿಂದಿ ಆಡುವ ನನ್ನ ಪಾಲಿಗೆ ಬೀದರದ ಕನ್ನಡದ ಕಥೆಗಳು ಉಳಿದಿದ್ದದ್ದೇ ಆ ಗಂಟಲಲ್ಲಿ; ಆ ದನಿಯನ್ನು ಹಿಡಿದಿಡಬೇಕಿತ್ತು.

ದಿಲ್‌ಸುಖ್‌ನಗರದ ಬಸ್ಸುಗಳ ಹಾರ್ನು ನಡುವೆ ನುಗ್ಗದಿರಲೆಂದು ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು ಅಪ್ಪನನ್ನು ಕ್ಯಾಮೆರಾದ ಮುಂದೆ ಕೂರಿಸಿದೆ. ಟ್ರಂಕು ಹೊತ್ತು ಮೊದಲ ಸಲ ಈ ಊರಿಗೆ ಬಂದಿಳಿದ ಕಥೆಯನ್ನು ಅಪ್ಪ ನಕ್ಕು ನಕ್ಕು ಹೇಳಿದರು. ವಿಡಿಯೊ ಮಾತ್ರ ಮುಗ್ಗರಿಸುತ್ತ ಓಡಿತು. ಎತ್ತಿದ ಕೈ ಇಳಿಯುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ಕೂದಲೆಳೆಯಷ್ಟು ಸೊಟ್ಟಗಿದ್ದ ಬಿಡಿಭಾಗಕ್ಕೂ ಕೆಂಪು ಮುದ್ರೆ ಗುದ್ದಿ ಗುಜರಿಗೆ ಕಳಿಸುತ್ತ ಆಯುಷ್ಯ ಸವೆಸಿದ ಅಪ್ಪ, ಅದನ್ನು ನೋಡಿ ಮೇಜಿಗೆ ಮುಷ್ಟಿ ಗುದ್ದಿದರು: "ರಿಜೆಕ್ಟ್! ಅಳಿಸಿ ಹಾಕು. ನಾಳಿಗಿ ಮತ್ತ ಹೇಳ್ತೀನಿ."

ಅಳಿಸಿದೆ. ಆರು ಸಂಜೆ ಹೇಳಿದರು, ಆರು ಸಂಜೆಯೂ ಅಳಿಸಿದೆ. ಮೊದಲ ದಿನದ ನಗು ಕೊನೆಯ ದಿನಕ್ಕೆ ಉಳಿದಿರಲಿಲ್ಲ. ನಾನೋ ಲ್ಯಾಪ್‌ಟಾಪಿನ ಲಿನಕ್ಸನ್ನು ಬೈಯುತ್ತ ಡ್ರೈವರು, ರೆಸಲ್ಯೂಷನ್ನು ಎಂದು ಒದ್ದಾಡಿದೆನೇ ಹೊರತು, ದನಿಯಲ್ಲಿ ಒಂದಕ್ಷರವೂ ಕೆಟ್ಟಿಲ್ಲವೆಂಬುದು ಹೊಳೆಯಲಿಲ್ಲ. ಏಳನೆಯ ಸಂಜೆ ಅಪ್ಪ ಆಸ್ಪತ್ರೆಯಲ್ಲಿದ್ದರು.

ಕಾರಣ ಸಿಕ್ಕಿದ್ದು ಅವರು ಮನೆಗೆ ಮರಳಿದ ಮೇಲೆ. ಬೆಳಕು ಸಾಲದಿದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಟ್ಟು, ಹಿಡಿಯಬೇಕಾದ ಎಷ್ಟೋ ಚಿತ್ರಗಳನ್ನು ಬಿಟ್ಟುಬಿಡುತ್ತದಂತೆ. ಲ್ಯಾಪ್‌ಟಾಪಿಗೆ ಆದೇಶ ಕೊಡುವ ಟರ್ಮಿನಲ್ಲಿನಲ್ಲಿ ಒಂದು ಸಾಲು ಬರೆದರೆ ಆ ಅಭ್ಯಾಸ ನಿಲ್ಲುತ್ತದೆ, ಇಲ್ಲವೇ ಪರದೆ ಸರಿಸಿದರೂ ಸಾಕು. ನೋಡಿ, ದನಿ ಕಾಯಲೆಂದು ನಾನೇ ಎಳೆದ ಪರದೆಯಿಂದ ಚಿತ್ರ ಕೆಟ್ಟಿತು, ಚಿತ್ರ ಕೆಟ್ಟಿತೆಂದು ದನಿಯನ್ನೇ ಗುಜರಿಗೆ ಹಾಕಿದೆ. ಊನವಿಲ್ಲದ್ದೇ ಬೇಕೆನ್ನುವ ನಮ್ಮ ಮನೆತನದ ಜಂಬಕ್ಕೆ ಬೆಂಕಿ ಬೀಳಲಿ.

ಕಿಟಕಿ ತೆರೆದು, ಆ ಸಾಲು ಬರೆದು, ಅಪ್ಪನನ್ನು ಮತ್ತೆ ಕೂರಿಸಿದೆ. ತುಟಿ ಆಡಿತು, ಕೈ ಆಡಿತು, ಚಿತ್ರ ಎಲ್ಲಿಯೂ ತಡೆಯಲಿಲ್ಲ. ಕೇಳಿಸುವುದು ಬಸ್ಸಿನ ಹಾರ್ನು ಮಾತ್ರ. ಪೂರ್ತಿ ನೋಡಿದ ಅಪ್ಪ ತಲೆಯಾಡಿಸಿ, ಮುಷ್ಟಿಯನ್ನು ಮೇಜಿನ ಮೇಲೆ ಮೆಲ್ಲಗೆ ಒತ್ತಿದರು: ಪಾಸು.

ನಾನು ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಇನ್ನೊಂದು ಟಿಕಳಿ ಕೇಳಿದೆ.