ಗೇಟಿನವರೆಗೆ ನಲವತ್ತು ಹೆಜ್ಜೆ

ನಾನು ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಇದ್ದವನು. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಒಂದು ಠಾಣೆ ಎಂದರೆ ಸಾಕು, ಹೆಸರು ಬೇಡ. ಹ್ಯಾಂಡ್‌ಸೆಟ್ ಕೆಟ್ಟರೆ, ಬ್ಯಾಟರಿ ಸತ್ತರೆ, ಮಾಳಿಗೆ ಮೇಲಿನ ಏರಿಯಲ್ ವಾಲಿದರೆ ಅಲ್ಲಿ ನನ್ನನ್ನೇ ಕೂಗುತ್ತಿದ್ದರು. ದಿನಾ ಹೀಗೆ ಕೂಗಿಸಿಕೊಂಡರೆ ಯಾರಿಗಾದರೂ ತಲೆ ತಿರುಗುತ್ತದೆ. ನನಗೂ ತಿರುಗಿತ್ತು.

ಆ ದಿನಗಳಲ್ಲಿ ನಮ್ಮವರು ಹೈವೇಯಲ್ಲಿ ಎಲ್ಲಿ ತಪಾಸಣೆಗೆ ನಿಂತರೂ, ಜನರನ್ನು ಕುರಿ ತುಂಬಿದಂತೆ ತುಂಬಿಕೊಂಡು ಓಡುವ ಕ್ರೂಸರ್ ಜೀಪುಗಳು ಅಷ್ಟು ದೂರದಲ್ಲೇ ಹೊಲದ ದಾರಿಗೆ ಇಳಿದು ಮಾಯವಾಗುತ್ತಿದ್ದವು. ಯಾರೋ ನಮ್ಮ ವೈರ್‌ಲೆಸ್ ಕದ್ದು ಕೇಳುತ್ತಿದ್ದಾರೆ ಎಂಬ ಅನುಮಾನ ಹುಟ್ಟಿತು. ಹುಟ್ಟಿಸಿದವರಲ್ಲಿ ನಾನೂ ಒಬ್ಬ. ಹಾಗಿರುವಾಗ ಹುಲಸೂರ ಕಡೆಯ ಒಬ್ಬ ಡ್ರೈವರನ ಕ್ರೂಸರಿನಲ್ಲಿ, ಸ್ಟೇರಿಂಗಿನ ಪಕ್ಕ, ಒಂದು ಕಪ್ಪು ಡಬ್ಬಿ ಸಿಕ್ಕಿತು. ಮುಂದೆ ಕೆಂಪು ಅಂಕಿಗಳು ಹೊಳೆಯುತ್ತಿದ್ದವು. ಹಿಂದಿನಿಂದ ಹೊರಟ ತಂತಿ ಟಾಪಿನ ಮೇಲೆ ಹೋಗಿ, ತುದಿಗೆ ಟೇಪು ಸುತ್ತಿಸಿಕೊಂಡು ಸುಮ್ಮನೆ ಬಿದ್ದಿತ್ತು. ಅದು ಅನೌನ್ಸ್‌ಮೆಂಟ್ ಡಬ್ಬಿ, ಬೀಜದ ಅಂಗಡಿಯವರಿಗಾಗಿ ಊರೂರು ಕೂಗಿಕೊಂಡು ಹೋಗುತ್ತೇನೆ, ಟಾಪಿನ ಮೈಕಿನ ಹಾರ್ನು ಬಿಚ್ಚಿ ಮನೆಯಲ್ಲಿಟ್ಟಿದ್ದೇನೆ ಎಂದು ಅವನು ಹೇಳಿದ. ನಮ್ಮಲ್ಲಿ ಒಬ್ಬರೂ ನಂಬಲಿಲ್ಲ.

ಠಾಣೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಪಂಚರ ಸಹಿಯ ಚೀಟಿಯನ್ನು ಡಬ್ಬಿಯ ಸ್ಕ್ರೂಗಳ ಮೇಲೆ ಅಂಟಿಸಿದ ಮೇಲೆ ನನ್ನನ್ನು ಕರೆದರು. ನಾನು ಡ್ರೈವರನ ಸೀಟಿನಲ್ಲಿ ಕುಳಿತು, ಡಬ್ಬಿ ಚಾಲೂ ಮಾಡಿ, ನನ್ನ ಹ್ಯಾಂಡ್‌ಸೆಟ್ಟನ್ನು ಅದರ ಮಗ್ಗುಲಿಗೇ ಹಿಡಿದು ಮಾತಾಡುವ ಗುಂಡಿ ಒತ್ತಿದೆ. ಬಾಗಿಲಿನ ಸ್ಪೀಕರ್ ಗುರ್ ಎಂದಿತು. ಬಿಟ್ಟೆ, ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಗುರ್. ಇನ್ನೇನು ಬೇಕು? ಈ ಯಂತ್ರ ನಮ್ಮ ಸೆಟ್ಟನ್ನು ಹಿಡಿಯುತ್ತದೆ ಎಂದು ಎದೆಯುಬ್ಬಿಸಿಕೊಂಡು ವರದಿ ಬರೆದುಕೊಟ್ಟೆ.

ನಮ್ಮ ಠಾಣೆಯ ಸಾಹೇಬರು ಅವಸರದ ಮನುಷ್ಯರಲ್ಲ. ಪರವಾನಗಿ ಇಲ್ಲದೆ ಪೊಲೀಸರ ಮಾತು ಕೇಳುವ ಸೆಟ್ ಇಟ್ಟುಕೊಂಡ ಎಂದು ಕೇಸಾದರೆ ಅವನು ಜೈಲು ನೋಡಬೇಕಾಗುತ್ತದೆ, ಗಾಡಿ ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ. ಅವನ ಮನೆ ನಡೆಯುತ್ತಿದ್ದುದೇ ಆ ಗಾಡಿಯಿಂದ. ಕೋರ್ಟಿನಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆ ಏನೆಂದು ಸಾಹೇಬರಿಗೆ ಗೊತ್ತಿತ್ತು: ಹಾಡು ಕೇಳುವ ರೇಡಿಯೋ ಎಲ್ಲ ಗಾಡಿಗಳಲ್ಲೂ ಇದೆ, ಇದು ನಿಮ್ಮನ್ನೇ ಕೇಳುತ್ತಿತ್ತು ಎನ್ನುವುದಕ್ಕೆ ಏನು ಸಾಕ್ಷಿ? ಮಾತಾಡುವ ಸೆಟ್ಟನ್ನು ಅದರ ಮಾತಿನಿಂದಲೇ ಹಿಡಿಯಬಹುದು. ಬರೀ ಕಿವಿ ಇರುವ ಸೆಟ್ಟನ್ನು ಹಿಡಿಯುವುದು ಹೇಗೆ? ಬಿಚ್ಚಿ ನೋಡೋಣವೆಂದರೆ ಚೀಟಿ ಹರಿಯುತ್ತದೆ, ಅದಕ್ಕೆ ಕೋರ್ಟಿನ ಅಪ್ಪಣೆ ಬೇಕು. ಹೊರಗಿನ ಜಾಣರೊಬ್ಬರ ಅಭಿಪ್ರಾಯವೂ ಇರಲಿ ಎಂದು ಸಾಹೇಬರು ನನ್ನನ್ನು ಬಸವಕಲ್ಯಾಣಕ್ಕೆ ಕಳಿಸಿದರು. ನನ್ನ ಮಾತು ಸಾಲಲಿಲ್ಲವೇ ಎಂದು ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಹೋದೆ.

ಕಲ್ಯಾಣದ ಪೇಟೆಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳಿದ್ದರು. ತಂದೆಯಿಂದ ಕಲಿತ ಕೆಲಸ, ತಂದೆಯದೇ ಅಂಗಡಿ. ಮಸೀದಿಯ ಮೈಕು ಕೆಟ್ಟರೂ ಮಠದ ಮೈಕು ಕೆಟ್ಟರೂ ಅವರ ಮೇಜಿಗೇ ಬರುತ್ತಿತ್ತು. ವಯಸ್ಸು ಅರವತ್ತರ ಹತ್ತಿರ. ಪೇಟೆಗೆಲ್ಲ ಆಪಾ, ಎಂದರೆ ಅಕ್ಕ. ನನ್ನ ಗುರ್ ಪ್ರಸಂಗವನ್ನು ನಾನು ವರ್ಣಿಸಿ ಹೇಳುವಾಗ ಅವರು ಬೆಸುಗೆ ಕಡ್ಡಿಯ ಬಿಸಿ ನೋಡುತ್ತ ಕೇಳಿಸಿಕೊಂಡರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಬಂದಿಳಿದರು. ಬಟ್ಟೆಯ ಚೀಲದಲ್ಲಿ ಎರಡು ಸಣ್ಣ ರೇಡಿಯೋ, ಒಂದು ಹಳೆಯ ಆಂಪ್ಲಿಫೈಯರ್, ಒಂದು ಸ್ಪೀಕರ್.

ಡ್ರೈವರ್ ಬೆಂಚಿನ ಮೇಲಿದ್ದ. ಮೂರು ದಿನದಿಂದ ಬೆಳಗ್ಗೆ ಬಂದು ಸಂಜೆಯ ತನಕ ಅಲ್ಲೇ ಕೂರುತ್ತಿದ್ದ. ಆಪಾ ಡಬ್ಬಿಯನ್ನು ಮುಟ್ಟಲೇ ಇಲ್ಲ. ತಮ್ಮ ಹಳೆಯ ಆಂಪ್ಲಿಫೈಯರನ್ನು ಗಾಡಿಯ ಬಾನೆಟ್ಟಿನ ಮೇಲಿಟ್ಟು ಬ್ಯಾಟರಿಗೂ ಸ್ಪೀಕರಿಗೂ ಜೋಡಿಸಿ, ಅದರ ಪಕ್ಕ ಗುಂಡಿ ಒತ್ತಲು ನನಗೆ ಹೇಳಿದರು. ಒತ್ತಿದೆ. ಅದೂ ಗುರ್ ಎಂದಿತು. ಅದರೊಳಗೆ ರೇಡಿಯೋ ಎಂಬುದೇ ಇರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಮತ್ತೆ ನನ್ನನ್ನು ಡ್ರೈವರನ ಡಬ್ಬಿಯ ಹತ್ತಿರ ನಿಲ್ಲಿಸಿ, ಗುಂಡಿ ಒತ್ತಿ ಮಾತಾಡಲು ಹೇಳಿದರು. ಒಂದು ಎರಡು ಮೂರು ಎಂದೆ. ಗುರ್ ಮಾತ್ರ ಬಂತು, ಒಂದು ಬರಲಿಲ್ಲ, ಎರಡೂ ಬರಲಿಲ್ಲ. ಆಗ ಅವರು ಮೆಲ್ಲಗೆ ಅಂದರು:

"ಭಾಯ್, ನೀವು ಒತ್ತಿದ್ದು ಅದಕ್ಕ ತಾಕ್ತದ. ನಿಮ್ಮ ಮಾತು ಅದಕ್ಕ ತಿಳೀವಲ್ದು. ಜರಾ ಗೇಟಿನ ತನಕ ಹೋಗಿ ಒತ್ತರಿ."

ಗೇಟಿಗೆ ಹೋಗಿ ಒತ್ತಿದೆ. ಡಬ್ಬಿ ಮೂಕವಾಗಿತ್ತು. ಊರಾಚೆಯ ಮಾತು ಹಿಡಿಯುವ ಯಂತ್ರವಾಗಿದ್ದರೆ ಗೇಟಿನ ಮಾತು ಹಿಡಿಯಬೇಡವೇ? ಹತ್ತಿರದಲ್ಲಿ ಗುಂಡಿ ಒತ್ತಿದರೆ ಯಾವ ಆಂಪ್ಲಿಫೈಯರಾದರೂ ಗುರ್ ಎನ್ನುತ್ತದೆ ಎಂಬುದು ಆ ಹೆಂಗಸಿಗೆ ನಾನು ಅಂಗಡಿಯಲ್ಲಿ ಬಾಯಿ ಬಿಟ್ಟಾಗಲೇ ಗೊತ್ತಾಗಿತ್ತು. ಆದರೂ ಹೇಳಿರಲಿಲ್ಲ. ನನ್ನ ಕೈಯಿಂದಲೇ ಒತ್ತಿಸಿ, ನನ್ನ ಕಿವಿಗೇ ಕೇಳಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಎರಡು ಸಣ್ಣ ರೇಡಿಯೋಗಳನ್ನು ಜೋಡಿಸಿ ಹಿಡಿದು ಒಂದರ ಮುಳ್ಳು ತಿರುಗಿಸಿದರು. ಮುಳ್ಳು ಒಂದು ಜಾಗಕ್ಕೆ ಬಂದಾಗ ಇನ್ನೊಂದು ರೇಡಿಯೋ ಕುಯ್ಯೆಂದಿತು. ಕೇಳುವ ಸೆಟ್ಟೂ ಒಳಗೊಳಗೇ ಸಣ್ಣಗೆ ಸದ್ದು ಹೊರಡಿಸುತ್ತಿರುತ್ತದೆ, ಹತ್ತಿರ ಹಿಡಿದರೆ ಸಿಗುತ್ತದೆ ಎಂದರು. ಇಷ್ಟು ವರ್ಷ ವೈರ್‌ಲೆಸ್ಸಿನ ಅನ್ನ ತಿಂದ ನನಗೆ ಅದನ್ನು ಕಣ್ಣಾರೆ ತೋರಿಸಿದವರು ಅವರೇ ಮೊದಲು. ಡಬ್ಬಿಯ ಸುತ್ತ ರೇಡಿಯೋ ಆಡಿಸಿ ತುಂಬಾ ಹೊತ್ತು ಹುಡುಕಿದರು. ಏನೂ ಸಿಗಲಿಲ್ಲ.

ಹಾಗಾದರೆ ಇದು ಕದ್ದು ಕೇಳುವ ಯಂತ್ರ ಅಲ್ಲವೆಂದು ಬರೆದುಕೊಡಿ ಎಂದರು ಸಾಹೇಬರು. ಡ್ರೈವರ್ ಬೆಂಚಿನಿಂದ ಎದ್ದು ನಿಂತ. ಆಪಾ ತಲೆ ಅಲ್ಲಾಡಿಸಿದರು. ಕೆಲವು ಸೆಟ್ಟುಗಳು ಒಳಗಿನ ಸದ್ದನ್ನು ಹೊರಗೆ ಬಿಡುವುದೇ ಇಲ್ಲ, ಒಳಗೆ ನೋಡದೆ ಹಾಗೆ ಬರೆಯಲಾರೆ, ನೋಡಿದ್ದು ಕೇಳಿದ್ದು ಇಷ್ಟೇ ಬರೆಯುತ್ತೇನೆ ಎಂದರು. ಡ್ರೈವರನ ಮುಖ ಇಳಿದುಹೋಯಿತು. ಆಪಾ ಎಷ್ಟು ಬೇಕೋ ಅಷ್ಟೇ ಬರೆದು ಸಹಿ ಹಾಕಿದರು. ಅವನ ಮೇಲೆ ಕೇಸು ಕೂರಿಸಲು ಇದ್ದ ಆಧಾರವೆಂದರೆ ನನ್ನ ವರದಿ ಒಂದೇ ಎಂಬುದು ಆಗ ನನಗೆ ಹೊಳೆಯಿತು. ಅದನ್ನು ತೆಗೆಯಬೇಕಾದವನು ನಾನೇ.

ನಾನು ಬರೆದದ್ದು ತಪ್ಪು ಎಂದು ಸಾಹೇಬರ ಮುಂದೆ ಹೇಳಿದೆ. ಅವರು ಒಳ್ಳೆಯವರು. ನನ್ನ ಮರ್ಯಾದೆ ಉಳಿಯಲೆಂದು, ಹಳೆಯದನ್ನು ಹರಿದು ಹೊಸದು ಬರೆದುಬಿಡು ಎಂದರು. ನಾನು ಕಾಗದಕ್ಕೆ ಕೈ ಚಾಚಿಯೂ ಆಗಿತ್ತು. ಚೀಲಕ್ಕೆ ರೇಡಿಯೋ ತುಂಬುತ್ತಿದ್ದ ಆಪಾ ತಲೆ ಎತ್ತದೆ ಅಂದರು:

"ಹರೀಬ್ಯಾಡ್ರಿ ಭಾಯ್. ಮೊದಲಿಂದು ಇದ್ರನ ಎರಡನೇದು ಯಾಕ ಬರ್ದೀರಿ ಅಂತ ಓದಿದವ್ರಿಗಿ ತಿಳೀತದ."

ಹರಿಯಲಿಲ್ಲ. ನನ್ನ ದಡ್ಡತನದ ಕಾಗದದ ಹಿಂದೆ ಎರಡನೆಯದನ್ನು ಪಿನ್ ಮಾಡಿ ಕೊಟ್ಟೆ. ಅಂಥ ಮನುಷ್ಯರನ್ನು ನಾನು ಆಮೇಲೆ ಹೆಚ್ಚು ನೋಡಲಿಲ್ಲ. ತಮಗೆ ಗೊತ್ತಿರುವುದಕ್ಕಿಂತ ಒಂದಕ್ಷರ ಹೆಚ್ಚು ಬರೆಯದವರು, ಎದುರಿನವನ ತಪ್ಪನ್ನು ಅವನ ಬಾಯಿಂದಲೇ ಹೊರಡುವ ತನಕ ಕಾಯುವವರು.

ಸಂಜೆ ಗಾಡಿ ಬಿಟ್ಟುಕೊಟ್ಟರು. ಹಾಗಾದರೆ ನಮ್ಮ ತಪಾಸಣೆ ನಿಮಗೆಲ್ಲ ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಸಾಹೇಬರು ಡ್ರೈವರನನ್ನು ಕೇಳಿದರು. ಎದುರಿಗೆ ಬರುವ ಗಾಡಿಗಳು ಲೈಟ್ ಹೊಡೆಯುತ್ತವೆ ಎಂದ. ಅದು ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಾಹೇಬರಿಗೆ ನಗು ಬಂತು, ನನಗೆ ಬರಲಿಲ್ಲ.

ಬೀಗದಕೈ ತೆಗೆದುಕೊಂಡು ಹೊರಟವನು ನನ್ನ ಹತ್ತಿರ ನಿಂತ. ಸಿಟ್ಟಿರಲಿಲ್ಲ, ದಣಿದಿದ್ದ.

"ಸಾಹೇಬ್ರ, ಮೊದಲನೇ ದಿನಾನೇ ಗೇಟಿನ ತನಕ ಹೋಗಿ ಒತ್ತಿದ್ರ ಆಗ್ತಿತ್ತಲ್ರಿ?"

ಅವನು ಬೆಂಚಿನ ಮೇಲೆ ಕುಳಿತಿದ್ದ ಆ ಮೂರು ದಿನವೂ ನಾನು ಚಹಾ ಕುಡಿಯಲು ಅದೇ ಗೇಟಿನಿಂದ ಹೋಗಿ ಬಂದಿದ್ದೆ, ಹ್ಯಾಂಡ್‌ಸೆಟ್ ಸೊಂಟದಲ್ಲೇ ಇತ್ತು. ಮರುದಿನ ಗಾಡಿ ನಿಂತಿದ್ದ ಜಾಗದಿಂದ ಗೇಟಿಗೆ ನಡೆಯುತ್ತ ಎಣಿಸಿದೆ. ನಲವತ್ತು ಹೆಜ್ಜೆ.